ರಾಮ ಹುಟ್ಟುವ ಹೊತ್ತು

ರಾಮನಿಗೆ ಈ ವರ್ಷ ಎಷ್ಟು ವಯಸ್ಸಾಗುತ್ತದೆ, ಕೇಕಿನ ಮೇಲೆ ಎಷ್ಟು ಮೇಣದ ಬತ್ತಿ ಇಡಬೇಕು ಎಂದು, ಚಿನ್ನು, ನೀನು ಕೇಳಿದಾಗ ನಾನು ಹೆಸರುಬೇಳೆ ಆರಿಸುತ್ತಿದ್ದೆ. ನನಗೆ ಥಟ್ಟನೆ ಉತ್ತರ ಕೊಡುವ ಅಭ್ಯಾಸವಿಲ್ಲ. ಯಾರಾದರೂ ಏನಾದರೂ ಕೇಳಿದರೆ ಮೊದಲು ಸೆರಗು ಸರಿಮಾಡಿಕೊಳ್ಳುತ್ತೇನೆ, ಆಮೇಲೆ ಕೈಯಲ್ಲಿರುವ ಕೆಲಸವನ್ನು ಇನ್ನಷ್ಟು ಗಮನವಿಟ್ಟು ಮಾಡುತ್ತೇನೆ, ಅಷ್ಟರಲ್ಲಿ ಕೇಳಿದವರು ಎದ್ದು ಹೋಗಿರುತ್ತಾರೆ. ಆದರೆ ಆರು ವರ್ಷದ ಮಕ್ಕಳು ಎದ್ದು ಹೋಗುವುದಿಲ್ಲ. ನೀನು ನನ್ನ ಮೊಣಕಾಲಿಗೆ ಒರಗಿ ಕೂತೇ ಇದ್ದೆ. ಕೊನೆಗೆ ನಾನು "ಸೊನ್ನೆ" ಎಂದೆ.

"ಝೀರೋನಾ? ಹೋದ ವರ್ಷಾನೂ ಝೀರೋ ಇದ್ದ ಅಲ್ವಾ ಅಜ್ಜಿ?"

"ಹೋದ ವರ್ಷಾನೂ ಸೊನ್ನೆ, ಬರೋ ವರ್ಷಾನೂ ಸೊನ್ನೆ."

"ನಾಟ್ ಫೇರ್ ಲಾ!" ಎಂದು, ಇಲ್ಲಿಯ ಮಕ್ಕಳ ಹಾಗೆ ಕೊನೆಗೊಂದು 'ಲಾ' ಸೇರಿಸಿ, ನೀನು ತುಟಿ ಮುಂದೆ ಮಾಡಿದೆ. ನೀನು ಮಾತ್ರ ವರ್ಷವರ್ಷವೂ ದೊಡ್ಡವಳಾಗಿ ಹೋಂವರ್ಕ್ ಹೆಚ್ಚಿಸಿಕೊಳ್ಳಬೇಕು, ರಾಮ ಮಾತ್ರ ಪ್ರತಿ ಸಲವೂ ಹೊಸದಾಗಿ ತೊಟ್ಟಿಲಲ್ಲಿ ಮಲಗಿ ಎಲ್ಲರಿಂದ ಮುದ್ದು ಮಾಡಿಸಿಕೊಳ್ಳಬಹುದು. ಯೋಚಿಸಿದರೆ ನೀನು ಹೇಳಿದ್ದರಲ್ಲಿ ನ್ಯಾಯವಿತ್ತು.

ಇದನ್ನು ನಿನಗಾಗಿಯೇ ಬರೆಯುತ್ತಿದ್ದೇನೆ. ಅಣ್ಣ ನಿನಾದನೂ ಪಕ್ಕದಲ್ಲಿ ಕೂತು ಓದಲಿ. ನೀವಿಬ್ಬರೂ ಕನ್ನಡ ಮಾತಾಡುತ್ತೀರಿ, ಓದಲು ಇನ್ನೂ ಬರುವುದಿಲ್ಲ. ಬೇಗ ಕಲಿಯಲಿ ಎಂಬ ಆಸೆಯೂ ಇದೆ, ಸ್ವಲ್ಪ ನಿಧಾನವಾಗಿಯೇ ಕಲಿಯಲಿ ಎಂಬ ಸಂಕೋಚವೂ ಇದೆ. ನಾನು ಓದಿದ್ದು ಹಳ್ಳಿಯ ಶಾಲೆಯಲ್ಲಿ, ಏಳನೆಯ ತರಗತಿಯವರೆಗೆ. ನಾನು ಬರೆದದ್ದನ್ನು ಯಾರಾದರೂ ನನ್ನ ಎದುರಿಗೇ ಓದತೊಡಗಿದರೆ ಒಲೆಯ ಮೇಲೆ ಏನೂ ಇಲ್ಲದಿದ್ದರೂ ಅಡುಗೆಮನೆಗೆ ಓಡುವವಳು ನಾನು.

ನಮ್ಮ ಹುಟ್ಟುಹಬ್ಬಕ್ಕೂ ದೇವರ ಹುಟ್ಟುಹಬ್ಬಕ್ಕೂ ಇರುವ ವ್ಯತ್ಯಾಸವನ್ನು ನಿನ್ನ ಪ್ರಶ್ನೆಯ ನಂತರವೇ ನಾನು ಯೋಚಿಸಿದ್ದು. ನಮಗೆ ವಯಸ್ಸು ಮುಖ್ಯ, ಅವರಿಗೆ ಹೊತ್ತು ಮುಖ್ಯ. ನಿನ್ನ ಹುಟ್ಟುಹಬ್ಬವನ್ನು ನಿನ್ನ ಅಮ್ಮನಿಗೆ ರಜೆ ಸಿಕ್ಕುವ ಶನಿವಾರಕ್ಕೆ ಸರಿಸಿದರೂ ಯಾರೂ ಏನೂ ಅನ್ನುವುದಿಲ್ಲ, ಕಟ್ಟಡದ ಕೆಳಗಿನ ತೆರೆದ ಪಡಸಾಲೆಯಾದ ವಾಯ್ಡ್ ಡೆಕ್‌ನಲ್ಲಿ ಬಲೂನು ಕಟ್ಟಿದರೆ ಅದೇ ಹುಟ್ಟುಹಬ್ಬ. ದೇವರಿಗೆ ಹಾಗಿಲ್ಲ. ಕೃಷ್ಣ ಹುಟ್ಟುವುದು ನಡುರಾತ್ರಿ, ನರಸಿಂಹ ಹುಟ್ಟುವುದು ಹೊತ್ತು ಮುಳುಗುವಾಗ, ಆಂಜನೇಯ ಹುಟ್ಟುವುದು ಹೊತ್ತು ಮೂಡುವಾಗ. ಮನೆಯವರ ಹೊಟ್ಟೆಯ ಬಗ್ಗೆ ಯೋಚಿಸಿ ಊಟದ ವೇಳೆಗೆ ಸರಿಯಾಗಿ ಹುಟ್ಟಿದವನು ರಾಮನೊಬ್ಬನೇ. ನಡುಮಧ್ಯಾಹ್ನ, ಸೂರ್ಯ ನೆತ್ತಿಯ ಮೇಲೆ ಬಂದಾಗ. ಅಲ್ಲಿಯವರೆಗೆ ಮನೆಯಲ್ಲಿ ಯಾರೂ ಏನೂ ತಿನ್ನುವ ಹಾಗಿಲ್ಲ. ಅವನು ಹುಟ್ಟಿದ ಮೇಲೆ ಪಾನಕ, ಕೋಸಂಬರಿ, ನೀರುಮಜ್ಜಿಗೆ.

ಈ ತಿಂಡಿಗಳ ವಿಷಯದಲ್ಲಿ ನನಗೊಂದು ತಕರಾರಿದೆ. ಎಲ್ಲಿಯೂ ಹೇಳಿದವಳಲ್ಲ, ಇಲ್ಲಿ ಬರೆಯುತ್ತೇನೆ. ಪಾನಕ, ಮಜ್ಜಿಗೆ ಎಲ್ಲವೂ ಮಗುವನ್ನು ನೋಡಲು ಬಿಸಿಲಲ್ಲಿ ಬಂದವರಿಗೆ. ಹುಟ್ಟಿದವನಿಗೆ ಜೋಗುಳ ಇದೆ, ಆರತಿ ಇದೆ. ಹೆತ್ತವಳಿಗೆ ಏನಿದೆ? ಕೌಸಲ್ಯೆಯನ್ನು ಕೇಳುವವರೇ ಇಲ್ಲ. ಎಲ್ಲ ಬಾಣಂತಿಯರ ಕತೆಯೂ ಅಷ್ಟೇ, ಮಗು ಹೊರಬಂದ ಕ್ಷಣದಿಂದ ಮನೆಮಂದಿ ತೊಟ್ಟಿಲ ಕಡೆಗೆ ತಿರುಗಿಬಿಡುತ್ತಾರೆ. ಆದ್ದರಿಂದ ನಾನು ಪ್ರತಿ ವರ್ಷವೂ ಒಣಶುಂಠಿ, ಬೆಲ್ಲ, ತುಪ್ಪ ಕಲಸಿ ಒಂದು ಸಣ್ಣ ಉಂಡೆ ಮಾಡಿ ತೊಟ್ಟಿಲ ಹಿಂದೆ, ಯಾರಿಗೂ ಕಾಣದ ಹಾಗೆ ಇಡುತ್ತೇನೆ. ಅದು ಕೌಸಲ್ಯೆಗೆ. ನನ್ನ ಮಗಳು, ನಿನ್ನ ಅಮ್ಮ ವಸುಧಾ ಅದನ್ನು ನೋಡಿದ್ದಾಳೆ, ಪಾತ್ರೆಯಿಂದ ಬಿದ್ದದ್ದು ಎಂದುಕೊಂಡು ಒರೆಸಿದ್ದಾಳೆ.

ಇನ್ನು ನಮ್ಮ ತೊಟ್ಟಿಲು. ಕಡಲು ದಾಟಿ ಬಂದ ಈ ಊರಿನಲ್ಲಿ, ಟೋವಾ ಪಾಯೋ ಬಡಾವಣೆಯ ಈ ಒಂಬತ್ತನೆಯ ಮಹಡಿಯ ಮನೆಗೆ ನಿಜವಾದ ತೊಟ್ಟಿಲನ್ನು ತಂದರೆ ನಾವು ಕಾರಿಡಾರಿನಲ್ಲಿ ಮಲಗಬೇಕಾಗುತ್ತದೆ. ಊಟದ ಮೇಜಿನ ಎರಡು ಕುರ್ಚಿಗಳನ್ನು ಬೆನ್ನು ಬೆನ್ನು ನೋಡುವಂತೆ ನಿಲ್ಲಿಸಿ, ಬಟ್ಟೆ ಒಣಗಿಸುವ ಬಿದಿರಿನ ಗಳುವನ್ನು ಅಡ್ಡ ಇಟ್ಟು, ಅದಕ್ಕೆ ಹಣ್ಣಿನ ಬೆತ್ತದ ಬುಟ್ಟಿಯನ್ನು ನೇತುಹಾಕಿ, ನನ್ನ ಮದುವೆಯ ಸೀರೆಯ ಒಂದು ತುಂಡನ್ನು ಹಾಸಿದರೆ ಅದೇ ತೊಟ್ಟಿಲು. ಹಾಗೆಯೇ ನಮ್ಮ ಮನೆಯಲ್ಲಿ ಬಾಲರಾಮನ ವಿಗ್ರಹವೂ ಇಲ್ಲ. ಇರುವುದು ನನ್ನ ಅತ್ತೆ ಕೊಟ್ಟ ಅಂಬೆಗಾಲು ಕೃಷ್ಣ, ಬೆರಳುದ್ದದ ಹಿತ್ತಾಳೆಯವನು. ಗೋಕುಲಾಷ್ಟಮಿಗೆ ಕೃಷ್ಣ, ರಾಮನವಮಿಗೆ ರಾಮ, ಹೀಗೆ ವರ್ಷಕ್ಕೆ ಎರಡು ಸಲ ಅವನಿಗೆ ಕೆಲಸ. ತೊಂದರೆಯೆಂದರೆ ಅವನ ಬಲಗೈಯಲ್ಲಿ ಬೆಣ್ಣೆಯ ಮುದ್ದೆ ಇದೆ. ರಾಮನವಮಿಯ ದಿನ ಆ ಕೈಯ ಮೇಲೆ ಒಂದು ಚೂರು ರೇಷ್ಮೆ ಹೊದಿಸಿ ಮುಚ್ಚುತ್ತೇವೆ. ಎಷ್ಟೇ ಆಗಲಿ ರಾಮನಿಗೆ ಆ ಹೆಸರು ಬರಬಾರದಲ್ಲ.

ಹೊತ್ತಿನ ವಿಷಯಕ್ಕೆ ಬರುತ್ತೇನೆ. ಈ ಬರಹವೆಲ್ಲ ಅದರದ್ದೇ.

ನಮ್ಮ ಊರಿನ ಶಾಲೆಯಲ್ಲಿ ಒಂದು ಗಡಿಯಾರವಿತ್ತು. ನಡೆಯುತ್ತಿರಲಿಲ್ಲ, ಆದರೆ ಗೋಡೆಗೆ ಒಪ್ಪುತ್ತಿತ್ತು. ಮೇಷ್ಟ್ರು ಬಾಗಿಲ ಮುಂದಿನ ಕಲ್ಲುಚಪ್ಪಡಿಯ ಮೇಲೆ ಇದ್ದಿಲಿನಿಂದ ಒಂದು ಗೆರೆ ಎಳೆದಿದ್ದರು. ಧ್ವಜದ ಕಂಬದ ನೆರಳು ಆ ಗೆರೆಯ ಮೇಲೆ ಬಂದು ಕೂತರೆ ಮಧ್ಯಾಹ್ನ, ಊಟದ ಗಂಟೆ. ನಾನು ಯಾರ ಕಣ್ಣಿಗೂ ಬೀಳಬಾರದೆಂದು ಬಾಗಿಲ ಪಕ್ಕದ ಮೂಲೆಯಲ್ಲಿ ಕೂರುತ್ತಿದ್ದೆ, ಹಾಗಾಗಿ ನೆರಳು ಮೊದಲು ನನಗೇ ಕಾಣುತ್ತಿತ್ತು. ಒಂದು ದಿನವೂ ಬಾಯಿಬಿಟ್ಟು "ಆಯಿತು ಸಾರ್" ಎಂದವಳಲ್ಲ. ಗೆರೆಯನ್ನೇ ದಿಟ್ಟಿಸುತ್ತ ಕೂರುತ್ತಿದ್ದೆ, ಮೇಷ್ಟ್ರು ನನ್ನ ಕಣ್ಣು ಎಲ್ಲಿದೆ ಎಂದು ನೋಡಿ ಎದ್ದು ಗಂಟೆ ಹೊಡೆಯುತ್ತಿದ್ದರು. ಮೋಡ ಕವಿದ ದಿನ ನೆರಳೇ ಇರುತ್ತಿರಲಿಲ್ಲ. ಆಗ ಅವರು ಪಾಠ ನಿಲ್ಲಿಸಿ ನಮ್ಮ ಮುಖಗಳನ್ನೆಲ್ಲ ಒಂದು ಸಲ ನೋಡುತ್ತಿದ್ದರು, ನೋಡಿ ಗಂಟೆ ಹೊಡೆಯುತ್ತಿದ್ದರು. ಅದೂ ಮಧ್ಯಾಹ್ನವೇ. ಒಬ್ಬರ ಮನೆಯಲ್ಲಿಯೂ ಅದಕ್ಕೆ ಆಕ್ಷೇಪಣೆ ಬಂದದ್ದಿಲ್ಲ.

ಮದುವೆಯಾಗಿ ಹೋದ ಮನೆಯಲ್ಲಿ ನಡೆಯುವ ಗಡಿಯಾರವಿತ್ತು, ಆದರೆ ನನ್ನ ಅತ್ತೆ ಅದನ್ನು ನಂಬುತ್ತಿರಲಿಲ್ಲ. ರಾಮನವಮಿಯ ದಿನ ನಿಮ್ಮ ತಾತ ಹಸಿವು ತಡೆಯಲಾರದೆ ಅಂಗಳಕ್ಕೂ ನಡುಮನೆಗೂ ತಿರುಗಾಡುತ್ತಿದ್ದರು. ಬೇರೆ ದಿನ ಊಟಕ್ಕೆ ಕೂಗಿ ಕೂಗಿ ಕರೆಯಬೇಕಾದ ಮನುಷ್ಯ, ಉಪವಾಸವೆಂದರೆ ಮಾತ್ರ ಬೆಳಗಿನಿಂದಲೇ ಹಸಿವು. ಹನ್ನೊಂದೂವರೆಗೇ "ಅಮ್ಮಾ, ಹುಟ್ಟಿದ!" ಎಂದು ಕೂಗುತ್ತಿದ್ದರು, ತಾವೇ ಸೂಲಗಿತ್ತಿಯಾಗಿ ಕೈಯಲ್ಲಿ ಎತ್ತಿಕೊಂಡವರ ಹಾಗೆ. ಅತ್ತೆ ನಿಧಾನವಾಗಿ ಅಂಗಳಕ್ಕೆ ಇಳಿದು, ಎರಡೂ ಪಾದ ಜೋಡಿಸಿ ನಿಂತು, ತಲೆ ಬಗ್ಗಿಸಿ ತಮ್ಮ ನೆರಳು ನೋಡಿಕೊಳ್ಳುತ್ತಿದ್ದರು.

"ಹನ್ನೆರಡಾಗಿದೆ ಕಣೋ, ನಿನ್ನ ಹೊಟ್ಟೆಗೆ ಆಗಿದೆ. ಸೂರ್ಯನಿಗೆ ಇನ್ನೂ ಆಗಿಲ್ಲ. ಹೋಗಿ ಕೂತ್ಕೋ."

ತಾತ ಕೂರುತ್ತಿದ್ದರು. ನಾನು ಅಡುಗೆಮನೆಯ ಬಾಗಿಲ ಮರೆಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದೆ. ಈಗ ಅವರಿಬ್ಬರೂ ಇಲ್ಲ. ಪಾನಕಕ್ಕೆ ಮೆಣಸು ಕುಟ್ಟುವಾಗ ಸೀನು ಬಂದರೆ ತಾತ ಬೈಯುತ್ತಿದ್ದದ್ದು ನೆನಪಾಗುತ್ತದೆ, "ಇಷ್ಟು ಮೆಣಸು ಹಾಕಿದರೆ ಹುಟ್ಟಿದ ರಾಮ ವಾಪಸ್ಸು ಹೋಗ್ತಾನೆ" ಎಂದು.

ಈ ಊರಿಗೆ ಬಂದ ಮೇಲೆ ನಾನು ನೆರಳು ನೋಡುವುದನ್ನೇ ಬಿಟ್ಟೆ. ಬೇಕೆಂದು ಬಿಟ್ಟದ್ದಲ್ಲ. ಕಾರಿಡಾರು, ಲಿಫ್ಟು, ವಾಯ್ಡ್ ಡೆಕ್, ಅಲ್ಲಿಂದ ಬಸ್‌ಸ್ಟಾಪಿನವರೆಗೆ ಸೂರು ಹಾಕಿದ ದಾರಿ. ಬಿಸಿಲೂ ಮಳೆಯೂ ತಾಗದಂತೆ ಎಷ್ಟು ಚೆನ್ನಾಗಿ ಕಟ್ಟಿದ್ದಾರೆಂದರೆ ಇಲ್ಲಿ ಮನುಷ್ಯನಿಗೆ ತನ್ನ ನೆರಳೇ ಸಿಗುವುದಿಲ್ಲ. ಹೊತ್ತು ತಿಳಿಯಲು ಮೈಕ್ರೋವೇವ್ ಒಲೆಯ ಹಸಿರು ಅಂಕಿಗಳನ್ನು ನೋಡುತ್ತೇನೆ. ಅದು ಹನ್ನೆರಡು ತೋರಿಸಿದರೆ ಇಲ್ಲಿ ರಾಮ ಹುಟ್ಟುತ್ತಿದ್ದ. "ಸರಿಯಾಗಿ ಹನ್ನೆರಡಕ್ಕೇ ಆಗಬೇಕು, ಹೊತ್ತು ತಪ್ಪಬಾರದು" ಎಂದು ವಸುಧಾಳಿಗೆ ಕಟ್ಟುನಿಟ್ಟಾಗಿ ಹೇಳಿಕೊಟ್ಟವಳೂ ನಾನೇ. ಮನೆಯಲ್ಲಿ ನಾನು ಕಟ್ಟುನಿಟ್ಟಾಗಿ ಹೇಳಿದ್ದು ಇದೊಂದನ್ನೇ.

ಹೋದ ವರ್ಷ ಆದದ್ದು ನಿನಗೆ ನೆನಪಿರಬಹುದು. ನಿನ್ನ ಕಿಂಡರ್‌ಗಾರ್ಟನ್ ಬಿಡುವುದೇ ಹನ್ನೆರಡಕ್ಕೆ. ನಿನ್ನ ಪುಟ್ಟ ಬಸ್ಸು ಸುತ್ತಮುತ್ತಲ ಬ್ಲಾಕುಗಳನ್ನೆಲ್ಲ ಸುತ್ತಿ ನಮ್ಮ ಕೆಳಗೆ ಬಂದು ನಿಲ್ಲುವಾಗ ಮುಕ್ಕಾಲು ಗಂಟೆ ಕಳೆದಿರುತ್ತದೆ. ನೀನು ಮೇಲೆ ಬಂದಾಗ ರಾಮ ಹುಟ್ಟಿಯಾಗಿತ್ತು. ಆರತಿ ಆರಿತ್ತು, ಬಂದವರು ಹೋಗಿದ್ದರು, ಕೋಸಂಬರಿಯ ಪಾತ್ರೆಯಲ್ಲಿ ಚಮಚ ತಳ ಕೆರೆಯುತ್ತಿತ್ತು. ನೀನು ಬಾಗಿಲಲ್ಲಿ ಒಂದು ಶೂ ಬಿಚ್ಚಿ, ಇನ್ನೊಂದನ್ನು ಬಿಚ್ಚದೆ ನಿಂತು, ತೊಟ್ಟಿಲು ನೋಡಿ ಕೇಳಿದೆ: "ನಾನಿಲ್ದೆ ಹೇಗೆ ಹುಟ್ದ?" ಆಮೇಲೆ ಜೋರಾಗಿ ಅಳತೊಡಗಿದೆ. ತೊಟ್ಟಿಲು ತೂಗುವ ಹಗ್ಗ ಹಿಡಿಯಬೇಕೆಂದು ವಾರದಿಂದ ಕಾದವಳು ನೀನು. ನಾವು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಾಗ ನೀನು ಒಂದೇ ಕಾಲಿನ ಶೂನಲ್ಲಿ ತೊಟ್ಟಿಲ ಪಕ್ಕ ಕೂತು ಬಿಕ್ಕುತ್ತಿದ್ದೆ. ಸಂಜೆ ನಿನ್ನನ್ನು ತೊಡೆಯ ಮೇಲೆ ಮಲಗಿಸಿಕೊಂಡು ನಾನು ಮಾತು ಕೊಟ್ಟೆ. ಬರುವ ವರ್ಷ ನೀನು ಬರುವವರೆಗೆ ಅವನು ಹುಟ್ಟುವುದಿಲ್ಲ.

ಮಕ್ಕಳಿಗೆ ಮಾತು ಕೊಡುವುದು ಸುಲಭ, ಮರೆತುಬಿಡುತ್ತಾರೆ ಎಂಬ ಧೈರ್ಯ ಇರುತ್ತದೆ. ನೀನು ಮರೆಯಲಿಲ್ಲ. ಈ ವರ್ಷ ರಾಮನವಮಿಯ ಬೆಳಿಗ್ಗೆ ಬಸ್ಸು ಹತ್ತುವ ಮೊದಲು ನನ್ನ ಕೈ ಜಗ್ಗಿದೆ.

"ಅಜ್ಜಿ, ಪ್ರಾಮಿಸ್ ಅಲ್ವಾ? ನಾನು ಬರೋಕ್ ಮುಂಚೆ ಹುಟ್ಬಾರ್ದು ಅಂತ ರಾಮಂಗೆ ಹೇಳು, ಕ್ಯಾನ್? ಹೇಳ್ತೀಯಾ?"

ಹೇಳುತ್ತೇನೆ ಎಂದೆ. ರಾಮನಿಗೆ ಹೇಳುವುದೇನೂ ಕಷ್ಟವಿರಲಿಲ್ಲ. ವಸುಧಾಳಿಗೆ ಹೇಳುವುದು ಕಷ್ಟ. ಹಿಂದಿನ ದಿನವೇ ಮೆಲ್ಲಗೆ ಮಾತು ತೆಗೆದಿದ್ದೆ, ಸ್ವಲ್ಪ ತಡ ಮಾಡಬಹುದೇನೋ ಎಂದು. "ಅಯ್ಯೋ, ಹನ್ನೆರಡಕ್ಕೇ ಆಗ್ಬೇಕು ಅಂತ ನೀನೇ ತಾನೇ ಅಮ್ಮ ಹೇಳೋದು?" ಎಂದಳು. ನನ್ನ ಕೋಲಿನಿಂದ ನನಗೇ ಪೆಟ್ಟು. ನಿನ್ನನ್ನು ಒಂದು ದಿನ ಶಾಲೆಗೆ ಕಳಿಸದಿದ್ದರೆ ಎಂದು ಕೇಳಿದ್ದಕ್ಕೆ ಅವಳು ಹುಬ್ಬು ಏರಿಸಿದಳು, ಅಷ್ಟೇ. ಚಾಂಗಿ ಬಿಸಿನೆಸ್ ಪಾರ್ಕಿನ ಆಫೀಸಿಗೆ ಹೋಗುವ ಬದಲು ಅಂದು ಮನೆಯಿಂದಲೇ ಕೆಲಸ ಮಾಡುತ್ತಿದ್ದಳು. ಹನ್ನೆರಡಕ್ಕೆ ರಾಮಜನನ, ಹನ್ನೆರಡೂಕಾಲಿಗೆ ಆರತಿ, ಆಮೇಲೆ ಫಲಾಹಾರ, ಒಂದೂವರೆಗೆ ಆಫೀಸಿನ ಕಾಲ್. ಎಲ್ಲವನ್ನೂ ಫೋನಿನ ಕ್ಯಾಲೆಂಡರಿನಲ್ಲಿ ಹಾಕಿದ್ದಳು. ದಶರಥನಿಗೂ ಇಷ್ಟು ಅನುಕೂಲವಿರಲಿಲ್ಲ.

ಬಂದವರು ಇಬ್ಬರು. ಪಕ್ಕದ ಬ್ಲಾಕಿನಲ್ಲಿ ಮಗನ ಮನೆಗೆ ಮೈಸೂರಿನಿಂದ ಬಂದಿರುವ ಸುಮಂಗಲಮ್ಮ, ನನ್ನ ವಯಸ್ಸಿನವರು. ಇನ್ನೊಬ್ಬಳು ರೇಖಾ, ವಸುಧಾಳ ಗೆಳತಿ, ಉಬಿ ಬಡಾವಣೆಯ ತನ್ನ ಆಫೀಸಿನಿಂದ ಊಟದ ಬಿಡುವಿನಲ್ಲಿ ಟ್ಯಾಕ್ಸಿ ಹಿಡಿದು ಬಂದವಳು. ಹನ್ನೆರಡಕ್ಕೆ ಇನ್ನು ಸ್ವಲ್ಪ ಇರುವಾಗ ಎಲ್ಲರೂ ಖಾಲಿ ತೊಟ್ಟಿಲ ಸುತ್ತ ನಿಂತರು. ನಾನು ಕಾರಿಡಾರಿಗೆ ಹೋದೆ. ಏನಾದರೂ ಪವಾಡ ನಡೆದು ಬಸ್ಸು ಬೇಗ ಬಂದಿದೆಯೇ ಎಂದು ನೋಡಲು. ಗೋಡೆಯ ಮೇಲಿಂದ ಬಗ್ಗಿ ಕೆಳಗಿನ ಕಾರ್‌ಪಾರ್ಕ್ ನೋಡಿದೆ. ಬಸ್ಸು ಇರಲಿಲ್ಲ. ಒಂದು ದೀಪದ ಕಂಬವಿತ್ತು. ಅದರ ನೆರಳು ಪಕ್ಕದಲ್ಲಿ ನಿಂತಿದ್ದ ಬಿಳಿ ಕಾರಿನ ಕಡೆಗೆ ವಾಲಿ ಬಿದ್ದಿತ್ತು.

ಎಷ್ಟೋ ಹೊತ್ತು ನೋಡುತ್ತ ನಿಂತಿದ್ದಿರಬೇಕು. ಧ್ವಜದ ಕಂಬ, ಇದ್ದಿಲಿನ ಗೆರೆ, ಬಾಗಿಲ ಪಕ್ಕದ ಮೂಲೆ, ಎಲ್ಲವೂ ಆ ಸಿಮೆಂಟಿನ ಮೇಲೆ ಬಿಡಿಸಿದ ಹಾಗಿತ್ತು. ಒಳಗಿನಿಂದ ವಸುಧಾ ಕರೆದಳು.

"ಅಮ್ಮಾ, ಹನ್ನೆರಡಾಯ್ತು ಬಾ. ಎಲ್ಲರೂ ನಿಂತಿದ್ದಾರೆ."

ನಾನು ಒಳಗೆ ಬಂದೆ. ಮೇಷ್ಟ್ರಿಗೆ ಹೇಳದೆ ಉಳಿದ ಮಾತೆಲ್ಲ ಒಟ್ಟಿಗೆ ಗಂಟಲಿಗೆ ಬಂದ ಹಾಗಾಯಿತು.

"ಇನ್ನೂ ಆಗಿಲ್ಲ" ಎಂದೆ.

"ಏನು ಆಗಿಲ್ಲ?"

"ಮಧ್ಯಾಹ್ನ."

ವಸುಧಾ ಫೋನು ಹಿಡಿದು ತೋರಿಸಿದಳು. "ನೋಡು. ಹನ್ನೆರಡು ದಾಟಿದೆ."

"ಅದು ನಿನ್ನ ಫೋನಿಗೆ ಆಗಿದೆ. ಸೂರ್ಯನಿಗೆ ಆಗಿಲ್ಲ."

ಮಾತು ಹೊರಬಿದ್ದ ಮೇಲೆ ನಾನೇ ಬೆಚ್ಚಿದೆ. ಅದು ನನ್ನ ಧ್ವನಿಯಲ್ಲ, ಅತ್ತೆಯ ಧ್ವನಿ. ಕೋಣೆಯಲ್ಲಿ ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ಎಂದೂ ಮಾತಾಡದ ಗೋಡೆಯ ಪಟವೊಂದು ಕೆಮ್ಮಿದಂತೆ. ಮೊದಲು ಚಲಿಸಿದವರು ಸುಮಂಗಲಮ್ಮ. ಕಾರಿಡಾರಿಗೆ ಹೋಗಿ ಬಗ್ಗಿ ನೋಡಿ, "ಹೌದಲ್ರೀ! ನೆರಳು ಇನ್ನೂ ಪಕ್ಕಕ್ಕೇ ಇದೆ" ಎಂದರು. ಆಮೇಲೆ ನಾಲ್ವರೂ ಸಾಲಾಗಿ ನಿಂತು ಕೆಳಗಿನ ದೀಪದ ಕಂಬವನ್ನು ನೋಡಿದೆವು. ಪಕ್ಕದ ಮನೆಯ ಚೀನೀ ಅಜ್ಜಿಯೂ ಹೊರಬಂದು, ಏನಾಗಿದೆಯೋ ಎಂದು ನಮ್ಮ ಜೊತೆ ಬಗ್ಗಿದಳು.

"ಅಂದ್ರೆ ಆಂಟಿ, ಇಷ್ಟು ವರ್ಷ ನಾವೆಲ್ಲ ಸೇರಿ ರಾಮನ್ನ ಪ್ರಿಮೆಚೂರ್ ಮಾಡಿದ್ವಾ?" ಎಂದಳು ರೇಖಾ.

"ಅದಕ್ಕೇ ಕಣೇ ಇಲ್ಲಿ ನಮ್ಮ ಹರಕೆ ಯಾವುದೂ ಟೈಮಿಗೆ ಆಗ್ದೇ ಇರೋದು" ಎಂದರು ಸುಮಂಗಲಮ್ಮ. ಎಲ್ಲರೂ ನಕ್ಕರು. ವಸುಧಾ ಮಾತ್ರ ನಗಲಿಲ್ಲ.

"ಸರಿ ಅಮ್ಮ. ಹಾಗಾದ್ರೆ ಯಾವಾಗ?"

"ನೆರಳು ಬುಡಕ್ಕೆ ಬಂದಾಗ."

"ಅದಕ್ಕೆ ಎಷ್ಟು ಹೊತ್ತು ಬೇಕು?"

"ಒಂದು ಗಂಟೆಯಾದ್ರೂ ಆಗಬಹುದು."

ಅವಳು ನನ್ನ ಮುಖವನ್ನೇ ನೋಡಿದಳು. "ಚಿನ್ನು ಬಸ್ಸು ಎಷ್ಟೊತ್ತಿಗೆ ಬರುತ್ತೆ?"

ನಾನು ಸೆರಗು ಸರಿಮಾಡಿಕೊಂಡೆ. ನನ್ನ ಮಗಳು ನನ್ನನ್ನು ಚೆನ್ನಾಗಿ ಬಲ್ಲವಳು. "ಓಹೋ" ಎಂದಳು. ಆರತಿಯ ತಟ್ಟೆಯನ್ನು ಕೆಳಗಿಟ್ಟು ತಾನೂ ನೆಲದ ಮೇಲೆ ಕೂತಳು.

ಸೂರ್ಯನ ನೆವದಲ್ಲಿ ನಾನು ನಿನಗಾಗಿ ತಡ ಮಾಡಿದೆನೋ, ನಿನ್ನ ನೆವದಲ್ಲಿ ಸೂರ್ಯ ನನ್ನನ್ನು ಮಾತಾಡಿಸಿದನೋ, ಇವತ್ತಿಗೂ ನನಗೆ ತಿಳಿಯದು.

ಆ ಒಂದು ಗಂಟೆಯ ಹೊತ್ತಿನ ಹಾಗೆ ಇನ್ನೊಂದು ಹೊತ್ತು ಈ ಮನೆಯಲ್ಲಿ ನಾನು ಕಂಡಿಲ್ಲ. ಯಾರಿಗೂ ಏನೂ ಮಾಡುವ ಹಾಗಿರಲಿಲ್ಲ. ತಿನ್ನುವ ಹಾಗಿಲ್ಲ, ಕುಡಿಯುವ ಹಾಗಿಲ್ಲ, ಟಿವಿ ಹಾಕುವುದು ಚೆನ್ನಾಗಿರುವುದಿಲ್ಲ. ಮುಚ್ಚಿಟ್ಟ ಪಾನಕದಿಂದ ಏಲಕ್ಕಿಯ ಪರಿಮಳ ಮೆಲ್ಲಗೆ ಬರುತ್ತಿತ್ತು. ಫ್ಯಾನಿನ ಗಾಳಿಗೆ ಖಾಲಿ ತೊಟ್ಟಿಲು ತಾನಾಗಿಯೇ ತೂಗುತ್ತಿತ್ತು, ಬರುವವನಿಗೆ ಜಾಗ ಬೆಚ್ಚಗೆ ಮಾಡುತ್ತಿರುವ ಹಾಗೆ. ಹೆರಿಗೆ ಕೋಣೆಯ ಹೊರಗೆ ಕಾಯುವವರಂತೆ ನಾವು ನಾಲ್ವರೂ ಗೋಡೆಗೆ ಒರಗಿ ಕೂತಿದ್ದೆವು. ಹಾಗೆ ಕೂತ ಹೆಂಗಸರು ಏನು ಮಾತಾಡುತ್ತಾರೆ? ರೇಖಾ ತನ್ನ ಹೆರಿಗೆಯ ಕತೆ ಹೇಳಿದಳು, ಗಂಡ ವಿಡಿಯೋ ತೆಗೆಯುತ್ತೇನೆಂದು ಬಂದು ತಾನೇ ತಲೆತಿರುಗಿ ಬಿದ್ದದ್ದು, ನರ್ಸುಗಳು ಅವಳನ್ನು ಬಿಟ್ಟು ಅವನ ಕಡೆ ಓಡಿದ್ದು. ಸುಮಂಗಲಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ವಸುಧಾ ನನ್ನ ಕಡೆ ತಿರುಗಿ, "ನಾನು ಹುಟ್ಟಿದಾಗ?" ಎಂದಳು. ಅವಳು ಎಂದೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. "ನಿಮ್ಮಪ್ಪ ಜಾತಕಕ್ಕೆ ಹೊತ್ತು ಬೇಕು ಅಂತ ಅಂಗಳದಲ್ಲಿ ಕಾಲು ಜೋಡಿಸಿ ನಿಂತಿದ್ರು. ನಿನ್ನ ಅಳು ಕೇಳಿದ ತಕ್ಷಣ ನೆರಳು ನೋಡೋದು ಬಿಟ್ಟು ಒಳಗೆ ಓಡಿ ಬಂದ್ರು. ನಿನ್ನ ಜಾತಕದ ಹೊತ್ತು ಅಂದಾಜಿಂದು" ಎಂದೆ. ಅವಳು ನನ್ನ ಭುಜಕ್ಕೆ ತಲೆ ಒರಗಿಸಿದಳು. ಕೌಸಲ್ಯೆಯ ಉಂಡೆ ತೊಟ್ಟಿಲ ಹಿಂದೆ ಇತ್ತು. ಆ ದಿನ ಯಾರೂ ಅದನ್ನು ಒರೆಸಲಿಲ್ಲ.

ನೀನು ಬರುವ ವೇಳೆಗೆ ನಾನು ಎದ್ದೆ. ರೇಖಾಳೂ ಎದ್ದಳು. "ಸಾರಿ ಆಂಟಿ, ಒಂದೂವರೆಗೆ ನಾನು ಸೀಟಲ್ಲಿ ಇರ್ಲೇಬೇಕು. ರಾಮ ಲೇಟು ಅಂದ್ರೆ ನಮ್ಮ ಬಾಸ್ ಒಪ್ಪಲ್ಲ." ನನ್ನ ಮುಖ ಸಣ್ಣದಾಯಿತು. ಉಪವಾಸವಿದ್ದವಳನ್ನು ಪಾನಕವನ್ನೂ ಕೊಡದೆ ಕಳಿಸುವಂತಾಯಿತು. ಲಿಫ್ಟಿನಲ್ಲಿ ಇಬ್ಬರೇ ಇಳಿಯುವಾಗ ಏನಾದರೂ ಹೇಳಬೇಕೆಂದುಕೊಂಡೆ, ಆ ದಿನಕ್ಕೆ ನನ್ನ ಮಾತು ಮುಗಿದಿತ್ತು.

ಕೆಳಗೆ ಬಂದು ನೋಡಿದರೆ ಆಕಾಶವೇ ಬದಲಾಗಿತ್ತು. ಈ ಊರಿನ ಮೋಡಗಳಿಗೆ ಮುನ್ಸೂಚನೆ ಕೊಡುವ ಅಭ್ಯಾಸವಿಲ್ಲ. ದೀಪದ ಕಂಬ ಇತ್ತು, ನೆರಳು ಇರಲಿಲ್ಲ. ಕಾರ್‌ಪಾರ್ಕ್ ಪೂರ್ತಿ ಒಂದೇ ಬೂದುಬಣ್ಣ. ನಾವು ವಾಯ್ಡ್ ಡೆಕ್‌ನಲ್ಲಿ ನಿಂತಿದ್ದ ಹಾಗೆಯೇ ಮಳೆ ಸುರಿಯತೊಡಗಿತು, ಎದುರಿನ ಬ್ಲಾಕ್ ಕಾಣದಷ್ಟು. ಬಸ್ಸಿನ ಸುಳಿವಿಲ್ಲ. ರೇಖಾ ಫೋನು ಒತ್ತಿ ಒತ್ತಿ ಸೋತಳು, ಒಂದು ಟ್ಯಾಕ್ಸಿಯೂ ಸಿಗಲಿಲ್ಲ. ಎಷ್ಟು ಹೊತ್ತಾಯಿತೋ. ನಾನು ಮೇಲೆ ಕೂತವರನ್ನು ನೆನೆದೆ, ವ್ಯರ್ಥವಾಗಿ ಎಲ್ಲರನ್ನೂ ಹಸಿವಿನಲ್ಲಿ ಕಾಯಿಸಿದೆನಲ್ಲ ಎಂದು ಕುಗ್ಗಿದೆ. ಸೂರ್ಯನನ್ನು ಸಾಕ್ಷಿಗೆ ಕರೆದವಳು ನಾನು. ಅವನು ಸಾಕ್ಷಿ ಹೇಳುವ ಹೊತ್ತಿಗೆ ಮುಸುಕು ಹಾಕಿಕೊಂಡಿದ್ದ.

ಕೊನೆಗೆ ನಿನ್ನ ಹಳದಿ ಬಸ್ಸು ನೀರು ಸೀಳಿಕೊಂಡು ಬಂತು. ಬಸ್ಸಿನ ಆಂಟಿ ನಿನ್ನನ್ನು ಕೊಡೆಯ ಕೆಳಗೆ ತಂದು ನನ್ನ ಕೈಗೆ ಕೊಟ್ಟಳು. ಆಗಲೇ ನಿನ್ನ ಮುಖ ಅಳುವುದಕ್ಕೆ ಸಿದ್ಧವಾಗಿತ್ತು.

"ಹುಟ್ಬಿಟ್ನಾ ಅಜ್ಜಿ?"

"ಇಲ್ಲ."

"ರಿಯಲಿ? ಯಾಕೆ?"

ರೇಖಾ ಫೋನನ್ನು ಚೀಲದೊಳಗೆ ಹಾಕಿದಳು. "ನೀನು ಬರ್ಲಿ ಅಂತ ಕಾಯ್ತಿದ್ದಾನೆ ಕಣೇ. ಬಾ, ನಂಗೂ ಟ್ಯಾಕ್ಸಿ ಇಲ್ಲ, ಬಾಸ್‌ಗೆ ಮಳೆ ಅಂತ ಮೆಸೇಜ್ ಮಾಡಿದೀನಿ. ಮಳೆ ಆದ್ರೆ ಅವರು ಒಪ್ತಾರೆ."

ನೀನು ಒದ್ದೆ ಶೂಗಳನ್ನು ಎರಡನ್ನೂ ಒಟ್ಟಿಗೆ ಒದೆದು ಬಿಚ್ಚಿ ಒಳಗೆ ಓಡಿದೆ. ತೊಟ್ಟಿಲು ಖಾಲಿ ಇರುವುದನ್ನು ನೋಡಿದೆ. ಆಮೇಲೆ ಹಗ್ಗ ಹಿಡಿದು ನಿಂತೆ, ಉಸಿರು ಬಿಗಿಹಿಡಿದು. ವಸುಧಾ ಹಿತ್ತಾಳೆಯ ಮಗುವನ್ನು ಕೈಯಲ್ಲಿ ಎತ್ತಿಕೊಂಡು ಕಿಟಕಿಯ ಕಡೆ ನೋಡಿದಳು. ಹೊರಗೆ ಮಳೆ, ಕತ್ತಲೆ, ನೆರಳೆಂಬುದೇ ಇಲ್ಲ. ಅವಳು ಗಡಿಯಾರದ ಕಡೆ ನೋಡಲಿಲ್ಲ. ನನ್ನ ಕಡೆ ನೋಡಿದಳು.

"ಅಮ್ಮ, ಮಧ್ಯಾಹ್ನ ಆಯ್ತಾ?"

ಎಲ್ಲರೂ ನನ್ನನ್ನು ನೋಡಿದರು. ನಾನು ನಿನ್ನ ಮುಖ ನೋಡಿದೆ, ಮೋಡದ ದಿನ ನಮ್ಮ ಮೇಷ್ಟ್ರು ನೋಡುತ್ತಿದ್ದ ಹಾಗೆ.

"ಆಯ್ತು" ಎಂದೆ.

ಶಂಖ, ಗಂಟೆ, ಗುಡುಗು ಎಲ್ಲವೂ ಒಟ್ಟಿಗೆ ಆದವು. ನೀನು ಹಗ್ಗ ಎಳೆದ ರಭಸಕ್ಕೆ ರಾಮ ಹುಟ್ಟಿದ ಕೂಡಲೇ ಬುಟ್ಟಿಯಿಂದ ಹಾರಿಹೋಗುವುದರಲ್ಲಿದ್ದ. "ಮೆಲ್ಲಗೆ ಕಣೇ, ಅದು ಪ್ಲೇಗ್ರೌಂಡಿನ ಉಯ್ಯಾಲೆ ಅಲ್ಲ!" ಎಂದು ಸುಮಂಗಲಮ್ಮ ಕೂಗಿದರು. ನೀನು ತೊಟ್ಟಿಲು ನಿಲ್ಲಿಸಿ, ಒಳಗೆ ಬಗ್ಗಿ, "ಅಜ್ಜಿ, ಬೆಣ್ಣೆ ಕಾಣಿಸ್ತಿದೆ" ಎಂದು ಪಿಸುಗುಟ್ಟಿ ರೇಷ್ಮೆಯ ಚೂರನ್ನು ಅವನ ಕೈಯ ಮೇಲೆ ಎಳೆದೆ. ನನಗೆ ಜೋಗುಳ ಹಾಡಲು ಹೇಳಿದರು. ನಾನು ಹಾಡಿದೆ, ಮಳೆಯ ಸದ್ದು ಜೋರಾಗಿದ್ದರಿಂದ ಧೈರ್ಯವಾಗಿ.

ಎರಡೂವರೆ ದಾಟಿದ ಮೇಲೆ ಊರಿನಿಂದ ನನ್ನ ತಂಗಿಯ ಫೋನು ಬಂತು. "ಅಕ್ಕಾ, ಇಲ್ಲಿ ಈಗ ತಾನೇ ಹುಟ್ಟಿದ ನೋಡು. ನಿಮ್ಮಲ್ಲಿ ಎಲ್ಲಾ ಆಯ್ತಾ?" ಅವಳ ಹಿಂದೆ ಗಂಟೆಯ ಸದ್ದು ಇನ್ನೂ ನಿಂತಿರಲಿಲ್ಲ. ಆಯಿತು ಎಂದೆ. ಆಮೇಲೆ ಬಹಳ ಹೊತ್ತು ಆ ಮಾತನ್ನೇ ಯೋಚಿಸುತ್ತ ಕೂತೆ. ನಮ್ಮಲ್ಲಿ ಪಾನಕ ಖಾಲಿಯಾಗಿತ್ತು, ಅಲ್ಲಿ ತೊಟ್ಟಿಲು ತೂಗುತ್ತಿತ್ತು.

ಸಂಜೆ ಅಣ್ಣ ನಿನಾದ ಶಾಲೆಯಿಂದ ಬಂದಾಗ ನೀನು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಅವನು ಬ್ಯಾಗನ್ನೂ ಇಳಿಸದೆ, "ಅಜ್ಜಿ, ಇಲ್ಲಿಯ ಕ್ಲಾಕ್ ಸೂರ್ಯನಿಗಿಂತ ಒಂದು ಗಂಟೆ ಫಾಸ್ಟ್ ಇದೆ ಲಾ. ಎಲ್ಲರಿಗೂ ಗೊತ್ತು" ಎಂದ.

"ನಂಗೆ ಗೊತ್ತಿರಲಿಲ್ಲಪ್ಪ."

"ಕೇಳಿದ್ರೆ ಹೇಳ್ತಿದ್ದೆ." ನಾನು ಯಾರನ್ನೂ ಏನನ್ನೂ ಕೇಳುವವಳಲ್ಲ ಎಂಬುದು ಅವನಿಗೂ ಗೊತ್ತು, ಆದ್ದರಿಂದ ತಾನೇ ಒಂದು ಕಿತ್ತಳೆ ಹಣ್ಣು ತಂದ. ನೀನು ಟಾರ್ಚ್ ಹಿಡಿದೆ, ಅವನು ಹಣ್ಣನ್ನು ಮೆಲ್ಲಗೆ ತಿರುಗಿಸಿದ. ಬೆಳಕು ನೇರವಾಗಿ ಬೀಳುವ ಜಾಗವೇ ಮಧ್ಯಾಹ್ನವಂತೆ. ಅದು ಎಲ್ಲಿಯೂ ನಿಲ್ಲುವುದಿಲ್ಲ. ಇಲ್ಲಿಂದ ಸಮುದ್ರ ದಾಟಿ ನಮ್ಮ ಊರಿಗೆ ಹೋಗುತ್ತದೆ, ಅಲ್ಲಿಂದ ಇನ್ನೂ ಪಶ್ಚಿಮಕ್ಕೆ. ನಾನು ಆ ಹಣ್ಣನ್ನು ನೋಡುತ್ತ ಕೂತೆ. ಒಂದು ಮನೆಯಲ್ಲಿ ತೊಟ್ಟಿಲು ನಿಲ್ಲುವಾಗ ಮುಂದಿನ ಮನೆಯಲ್ಲಿ ತೂಗತೊಡಗುತ್ತದೆ. ಒಬ್ಬ ಅಜ್ಜಿ ಜೋಗುಳ ಮುಗಿಸುವಾಗ ಇನ್ನೊಬ್ಬ ಅಜ್ಜಿ ಗಂಟಲು ಸರಿಮಾಡಿಕೊಳ್ಳುತ್ತಾಳೆ. ದಿನವಿಡೀ ಅವನು ಹುಟ್ಟುತ್ತಲೇ ಇರುತ್ತಾನೆ, ನೆರಳು ಕಾಲಡಿಗೆ ಬಂದ ಮನೆಯಲ್ಲೆಲ್ಲ. ಅವನಿಗೆ ವಯಸ್ಸಾಗಲು ಪುರುಸೊತ್ತೇ ಇಲ್ಲ. ನೀನು ಕೇಳಿದ ಪ್ರಶ್ನೆಗೆ ಬೇಳೆ ಆರಿಸುತ್ತ ಸೊನ್ನೆ ಎಂದೆನಲ್ಲ, ಅದು ಸರಿಯಾದ ಉತ್ತರವೇ ಇರಬೇಕು.

ಆ ರಾತ್ರಿ ನೀನು ನಿದ್ದೆ ಹೋದ ಮೇಲೆ ನನಗೆ ಇನ್ನೊಂದು ಹೊಳೆಯಿತು. ಅದನ್ನು ಹೇಳುವುದಕ್ಕೇ ಇಷ್ಟು ಬರೆದೆ. ಹೋದ ವರ್ಷ ನೀನು ಬಾಗಿಲಲ್ಲಿ ಒಂದು ಶೂ ಬಿಚ್ಚಿ ನಿಂತು ಅಳತೊಡಗಿದೆಯಲ್ಲ ಚಿನ್ನು, ಆಗ ಗಡಿಯಾರ ಒಂದು ಗಂಟೆಯನ್ನೂ ಮುಟ್ಟಿರಲಿಲ್ಲ. ಸೂರ್ಯ ಇನ್ನೂ ನೆತ್ತಿಗೆ ಬಂದಿರಲಿಲ್ಲ. ನೀನು ತಡವಾಗಿ ಬಂದವಳಲ್ಲ. ಸರಿಯಾದ ಹೊತ್ತಿಗೆ ಬಂದವಳು ನೀನೊಬ್ಬಳೇ, ನಾವೆಲ್ಲ ಮೊದಲೇ ಮುಗಿಸಿ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆವು. ನೀನು ತೊಟ್ಟಿಲ ಪಕ್ಕ ಕೂತು ಬಿಕ್ಕುತ್ತಿದ್ದಾಗ, ಶಂಖವಿಲ್ಲದೆ, ಗಂಟೆಯಿಲ್ಲದೆ, ಕೆಳಗೆ ದೀಪದ ಕಂಬದ ನೆರಳು ಮೆಲ್ಲಗೆ ಬುಡಕ್ಕೆ ಬಂದಿರಬೇಕು, ಅವನು ಸುಮ್ಮನೆ ಹುಟ್ಟಿರಬೇಕು. ಆಗ ಅವನ ಹತ್ತಿರ ಇದ್ದದ್ದು ನೀನು ಮಾತ್ರ.